ಮೂವರು ಅರಸಿಯರ ಒಂದು ತೈಲಚಿತ್ರ: ಅವರ ಗುರುತು ಹಿಡಿದ ಬಗೆ

ಶಿಲಾಶಾಸನವೊಂದು ಕಣ್ಣಿಗೆ ಬಿದ್ದರೆ ನಾವು ಅದರಲ್ಲಿ ಮೊದಲು ಹುಡುಕುವುದು ದಾನ ಕೊಟ್ಟವರ, ಪಡೆದವರ, ಮಡಿದವರ ಹೆಸರನ್ನು. ಅಕ್ಷರ ಕೊರೆದ ರೂವಾರಿಯ ಹೆಸರು ಕೊನೆಯ ಸಾಲಿನಲ್ಲಿ ಸಿಕ್ಕಿದರೆ ಸಂತೋಷ. ಸಿಕ್ಕದಿದ್ದರೂ ಶಾಸನದ ಬೆಲೆ ಕುಂದುವುದಿಲ್ಲ. ಆದರೆ ಹಳೆಯ ಭಾವಚಿತ್ರವೊಂದು ಎದುರಿಗೆ ಬಂದಾಗ ನಮ್ಮ ರೀತಿ ತಿರುವುಮುರುವಾಗುತ್ತದೆ. ಬರೆದವನ ಹೆಸರೇ ಮುಂದಾಗಿ, ಬರೆಸಿಕೊಂಡವರ ಹೆಸರು ಹಿಂದಾಗುತ್ತದೆ. ಅದರಲ್ಲಿಯೂ ಚಿತ್ರದಲ್ಲಿರುವವರು ಹೆಂಗಸರಾದರೆ, 'ಒಬ್ಬ ಸ್ತ್ರೀ', 'ಒಬ್ಬ ಕುಲೀನ ಮಹಿಳೆ' ಎಂದಷ್ಟೇ ಪಟ್ಟಿಗೆ ಸೇರಿ ನೂರಾರು ವರ್ಷ ಹಾಗೆಯೇ ಉಳಿದುಬಿಡುವುದುಂಟು.

ಭಾವಚಿತ್ರವೂ ಒಂದು ಬಗೆಯ ಶಾಸನವೆಂದು ನಾವು ತಿಳಿಯುತ್ತೇವೆ. ಅದನ್ನು ಓದಲು ಬೇರೆ ಲಿಪಿಜ್ಞಾನ ಬೇಕು, ಅಷ್ಟೆ. ಈ ಮಾತನ್ನು ಒಂದು ನಿಜವಾದ ನಿದರ್ಶನದಿಂದ ವಿವರಿಸುವುದು ಈ ಲೇಖನದ ಉದ್ದೇಶ. ನಾವು ಆರಿಸಿಕೊಂಡಿರುವುದು ೧೮೦೫ರ ಸುಮಾರಿನಲ್ಲಿ ಥಾಮಸ್ ಹಿಕಿ ಎಂಬ ಐರಿಷ್ ಕಲಾವಿದನು ಬರೆದ, ಮೂವರು ಮಹಿಳೆಯರಿರುವ ಒಂದು ತೈಲವರ್ಣದ ಚಿತ್ರ. ಇವರನ್ನು ಒಂದು ಕಾಲದಲ್ಲಿ ನರ್ತಕಿಯರೆಂದೋ ಗಣಿಕೆಯರೆಂದೋ ಭಾವಿಸಲಾಗಿತ್ತು. ಈಗ ಇವರು ಮೈಸೂರು ಅರಮನೆಯ ಅರಸಿಯರೆಂದು ಗುರುತಾಗಿದೆ. ನರ್ತಕಿಯರಿಂದ ಅರಸಿಯರವರೆಗೆ ಈ ದಾರಿ ಹೇಗೆ ಸಾಗಿತು, ಯಾವ ಪ್ರಮಾಣಗಳ ಮೇಲೆ ನಿಂತಿತು, ಅವುಗಳಲ್ಲಿ ಯಾವುದು ಗಟ್ಟಿ, ಯಾವುದು ಸಡಿಲ ಎಂಬುದನ್ನು ಒಂದೊಂದಾಗಿ ನೋಡೋಣ.

ಚಿತ್ರಕಾರನ ವಿಚಾರ

ಥಾಮಸ್ ಹಿಕಿ ೧೭೪೧ರಲ್ಲಿ ಡಬ್ಲಿನ್ ನಗರದಲ್ಲಿ ಹುಟ್ಟಿದವನು. ಅಲ್ಲಿಯೇ ಚಿತ್ರಕಲೆಯನ್ನು ಅಭ್ಯಾಸಮಾಡಿ, ಇಟಲಿಯಲ್ಲಿ ಕೆಲವು ಕಾಲ ಇದ್ದು, ಆಮೇಲೆ ಇಂಗ್ಲೆಂಡಿನಲ್ಲಿ ಭಾವಚಿತ್ರ ಬರೆದು ಜೀವನ ಸಾಗಿಸಿದನು. ೧೭೮೦ರಲ್ಲಿ ಇಂಡಿಯಾಕ್ಕೆ ಹೊರಟ ಅವನ ಹಡಗು ದಾರಿಯಲ್ಲಿ ಶತ್ರುಗಳ ವಶವಾಯಿತು. ಅವನು ಲಿಸ್ಬನ್ ನಗರ ಸೇರಿ ಕೆಲವು ವರ್ಷ ಅಲ್ಲಿದ್ದು, ೧೭೮೪ರಲ್ಲಿ ಈ ದೇಶವನ್ನು ಮುಟ್ಟಿದನು. ಕಲ್ಕತ್ತೆಯಲ್ಲಿ ಕೆಲವು ಕಾಲ ಕೆಲಸಮಾಡಿ ಹಿಂದಿರುಗಿದನು. ೧೭೯೨ರಲ್ಲಿ ಚೀನಕ್ಕೆ ಹೋದ ಮೆಕಾರ್ಟ್ನಿಯ ರಾಯಭಾರದೊಡನೆ ಚಿತ್ರಕಾರನಾಗಿ ಹೋದನು. ೧೭೯೮ರಲ್ಲಿ ಮತ್ತೆ ಮದರಾಸಿಗೆ ಬಂದವನು ತನ್ನ ಉಳಿದ ಆಯುಷ್ಯವನ್ನು ಬಹುಮಟ್ಟಿಗೆ ಇಲ್ಲಿಯೇ ಕಳೆದು, ೧೮೨೪ರಲ್ಲಿ ಮದರಾಸಿನಲ್ಲಿಯೇ ತೀರಿಕೊಂಡನು.

ಅವನು ಮದರಾಸಿಗೆ ಬಂದ ಮರುವರ್ಷವೇ, ೧೭೯೯ರ ಮೇ ೪ರಂದು, ಶ್ರೀರಂಗಪಟ್ಟಣ ಬಿದ್ದಿತು. ಆ ಯುದ್ಧವನ್ನು ಚಿತ್ರಗಳಲ್ಲಿ ನಿಲ್ಲಿಸಬೇಕೆಂಬ ಹಂಬಲದಿಂದ ಹಿಕಿ ಕಂಪೆನಿಯ ಸೇನಾಧಿಕಾರಿಗಳ ಮುಖಗಳನ್ನು ಸೀಮೆಸುಣ್ಣ ಇದ್ದಲುಗಳಿಂದ ಗುರುತುಹಾಕಿಕೊಂಡನು. ಟಿಪ್ಪುವಿನ ಮಕ್ಕಳ ಚಿತ್ರಗಳನ್ನು ಬರೆದನು. ದಿವಾನ್ ಪೂರ್ಣಯ್ಯನವರ ಹೆಸರಾಂತ ಭಾವಚಿತ್ರವೂ ಅವನ ಕೈಯದೇ. ಹೀಗೆ ಮೈಸೂರಿನ ಹೊಸ ಆಸ್ಥಾನದ ಪರಿಚಯ ಅವನಿಗೆ ಇತ್ತೆಂಬುದು ನಮ್ಮ ಮುಂದಿನ ವಾದಕ್ಕೆ ಬೇಕಾದ ಸಂಗತಿ.

ಆದವಾನಿ, ರಾಯದುರ್ಗಗಳ ಕಡೆಯ ನಮ್ಮ ಮಿತ್ರರಿಗೆ ಇದೇ ಕಲಾವಿದನ ಇನ್ನೊಂದು ಚಿತ್ರ ಹತ್ತಿರವಾದೀತು. ಊರೂರಿನ ಕೈಫಿಯತ್ತುಗಳನ್ನು ಕೂಡಿಹಾಕಿಸಿದ ಕಾಲಿನ್ ಮೆಕೆಂಜಿಯ ಚಿತ್ರವನ್ನು ೧೮೧೬ರಲ್ಲಿ ಬರೆದವನು ಈ ಹಿಕಿಯೇ. ಇಂದು ಬ್ರಿಟಿಷ್ ಲೈಬ್ರರಿಗೆ ಸೇರಿರುವ ಆ ಚಿತ್ರದಲ್ಲಿ ಮೆಕೆಂಜಿಯ ಜೊತೆಗೆ ಮೂವರು ಭಾರತೀಯ ಸಹಾಯಕರೂ ನಿಂತಿದ್ದಾರೆ. ಜೈನ ಪಂಡಿತ ಧರ್ಮಯ್ಯ, ಕಾವಲಿ ವೆಂಕಟ ಲಕ್ಷ್ಮಯ್ಯ, ದೂರದರ್ಶಕ ಹಿಡಿದ ಕಿಷ್ಟ್ನಾಜಿ ಎಂದು ವಿದ್ವಾಂಸರು ಅವರನ್ನು ಗುರುತಿಸುತ್ತಾರೆ. ಮೆಕೆಂಜಿಯ ಹೆಸರನ್ನು ಹುಡುಕಬೇಕಾದ ಪ್ರಸಂಗ ಬರಲಿಲ್ಲ. ಪಕ್ಕದಲ್ಲಿದ್ದವರ ಹೆಸರಿಗೆ ಮಾತ್ರ ವಿದ್ವಾಂಸರು ಕೆಲಸಮಾಡಬೇಕಾಯಿತು.

ಆಗಿನ ಮೈಸೂರು

ಟಿಪ್ಪುವಿನ ಮರಣಾನಂತರ, ೧೭೯೯ರ ಜೂನ್ ೩೦ರಂದು, ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ರಾಜ್ಯಭಾರವನ್ನು ದಿವಾನ್ ಪೂರ್ಣಯ್ಯನವರು ನೋಡಿಕೊಳ್ಳುತ್ತಿದ್ದರು. ಕಂಪೆನಿಯ ಪರವಾಗಿ ರೆಸಿಡೆಂಟನು ಇದ್ದನು. ಅರಮನೆಯೊಳಗಿನ ಹಿರಿತನವೆಲ್ಲ ರಾಣಿ ಲಕ್ಷ್ಮಮ್ಮಣ್ಣಿಯವರದು. ಅವರು ೧೭೬೬ರಲ್ಲಿ ಕಾಲವಾದ ಇಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ. ಬಾಲಕ ಅರಸನಿಗೆ ಅಜ್ಜಿಯ ಸ್ಥಾನದಲ್ಲಿದ್ದವರು. ಹೈದರನ ಕಾಲದಿಂದಲೂ ಒಡೆಯರ ಮನೆತನಕ್ಕೆ ರಾಜ್ಯವನ್ನು ಮರಳಿ ಪಡೆಯಲು ತಿರುಮಲರಾಯನ ಮೂಲಕ ಇಂಗ್ಲಿಷರೊಡನೆ ಗುಟ್ಟಾಗಿ ಮಾತುಕತೆ ನಡೆಸಿದವರು. ೧೭೮೨ರಲ್ಲಿ ತಂಜಾವೂರಿನಲ್ಲಿ ಆದ ಒಪ್ಪಂದ ಇದರ ಫಲ. ೧೮೧೦ರಲ್ಲಿ ಅವರು ತೀರಿಕೊಂಡರು.

ಅರಸನ ಜನಕ ತಂದೆ ಖಾಸಾ ಚಾಮರಾಜ ಒಡೆಯರು ೧೭೯೬ರಲ್ಲಿ ಸಿಡುಬಿನಿಂದ ತೀರಿಕೊಂಡವರು. ಎಂದರೆ ಆ ಅರಮನೆಗೆ ಸಿಡುಬು ಕೇಳಿ ತಿಳಿದ ಬೇನೆಯಾಗಿರಲಿಲ್ಲ. ಮನೆಯೊಳಗೆ ಬಂದು ಹೋಗಿದ್ದ ಬೇನೆ. ೧೮೦೫ರಲ್ಲಿ ಬಾಲಕ ಅರಸನ ವಿವಾಹ ನಡೆಯಿತು. ವರನಿಗೂ ವಧುವಿಗೂ ಆಗ ಹನ್ನೆರಡರ ಆಸುಪಾಸಿನ ವಯಸ್ಸು. ವಧುವಿನ ಹೆಸರು ದೇವಾಜಮ್ಮಣ್ಣಿ.

ಮೊದಲ ಗುರುತು ತಪ್ಪಿದ್ದೇಕೆ?

ತೈಲಚಿತ್ರದಲ್ಲಿರುವವರು ಯಾರೆಂದು ತಿಳಿಯಲು ಸಾಮಾನ್ಯವಾಗಿ ನಾಲ್ಕು ದಾರಿಗಳುಂಟು. ಚಿತ್ರದ ಮೇಲೋ ಬಟ್ಟೆಯ ಹಿಂಬದಿಯಲ್ಲೋ ಬರೆದ ಬರಹ ಮೊದಲನೆಯದು. ಚಿತ್ರ ಕೈಯಿಂದ ಕೈಗೆ ಬಂದ ಒಡೆತನದ ಸರಪಣಿ ಎರಡನೆಯದು. ಕಾಗದಪತ್ರ, ಲೆಕ್ಕದ ಪುಸ್ತಕ, ದಫ್ತರಗಳಲ್ಲಿ ಸಿಗುವ ಉಲ್ಲೇಖ ಮೂರನೆಯದು. ಉಡುಗೆ, ಒಡವೆ, ನಿಲುವು, ಮೈಮೇಲಿನ ಗುರುತು ಇವು ಕೊಡುವ ಒಳಸಾಕ್ಷ್ಯ ನಾಲ್ಕನೆಯದು. ಮೊದಲ ಮೂರೂ ಕೈಕೊಟ್ಟಾಗ ನೋಡುವವನು ನಾಲ್ಕನೆಯದನ್ನು ಹಿಡಿಯುತ್ತಾನೆ. ಅಲ್ಲಿ ಅವನ ಪೂರ್ವಗ್ರಹವೂ ಜೊತೆಯಲ್ಲಿ ಬರುತ್ತದೆ.

ಈ ಚಿತ್ರದ ವಿಚಾರದಲ್ಲಿ ಆದದ್ದು ಇದೇ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಡಿಯಾಕ್ಕೆ ಬಂದ ಯುರೋಪಿಯನ್ ಚಿತ್ರಕಾರರ ಎದುರಿಗೆ ಕುಲೀನ ಮನೆತನದ ಹೆಂಗಸರು ಬಂದು ನಿಲ್ಲುವುದು ಬಹು ಅಪರೂಪ. ಅವರಿಗೆ ಸಿಕ್ಕುತ್ತಿದ್ದವರು ನರ್ತಕಿಯರು ಅಥವಾ ಕಂಪೆನಿಯ ಅಧಿಕಾರಿಗಳ ಮನೆಗಳಲ್ಲಿದ್ದ ಬೀಬಿಯರು. ಟಿಲ್ಲಿ ಕೆಟಲ್, ಜೋಫನಿ, ರೆನಾಲ್ಡಿ ಮೊದಲಾದವರ ಚಿತ್ರಗಳಲ್ಲಿ ಇಂಥವರೇ ಇದ್ದಾರೆ. ಹಿಕಿಯೇ ೧೭೮೭ರಲ್ಲಿ ಬರೆದ ಒಬ್ಬ ಭಾರತೀಯ ಮಹಿಳೆಯ ಚಿತ್ರ ಐರ್ಲೆಂಡಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿದೆ. ವಿಲಿಯಂ ಹಿಕಿ ಎಂಬ ದಿನಚರಿಕಾರನ ಬೀಬಿ ಜಮ್ದಾನಿ ಅವಳಿರಬಹುದೆಂದು ಅಲ್ಲಿಯ ಪಟ್ಟಿ ಹೇಳುತ್ತದೆ. ಹೆಸರಿನ ಜೊತೆಗೆ 'ಬಹುಶಃ' ಎಂಬ ಮಾತನ್ನು ಇಟ್ಟುಕೊಂಡಿರುವುದು ಆ ಪಟ್ಟಿಯ ಪ್ರಾಮಾಣಿಕತೆ.

ಹೀಗಿರುವಾಗ, ನಾಚಿಕೆಯಿಂದ ಮುಖ ತಗ್ಗಿಸದೆ, ನೋಡುವವರನ್ನು ನೇರವಾಗಿ ದಿಟ್ಟಿಸಿ, ತುಟಿಯಂಚಿನಲ್ಲಿ ನಗುವಿಟ್ಟುಕೊಂಡು ನಿಂತ ಮೂವರು ಭಾರತೀಯ ಹೆಂಗಸರನ್ನು ಕಂಡವರು, ಇವರು ನರ್ತಕಿಯರೇ ಇರಬೇಕೆಂದು ಎಣಿಸಿದರು. ಇಂಥ ಚಿತ್ರಗಳಲ್ಲಿ ಸಾಮಾನ್ಯವಾಗಿ ಯಾರಿರುತ್ತಿದ್ದರೋ ಅವರೇ ಇಲ್ಲಿಯೂ ಇರಬೇಕೆಂಬ ಲೆಕ್ಕಾಚಾರ ಅದು. ಲೆಕ್ಕಾಚಾರ ಸಹಜವಾದುದೇ. ಆದರೆ ಸಾಮಾನ್ಯ ನಿಯಮ ತಿಳಿಸುವುದು ಹೆಚ್ಚಾಗಿ ಏನು ನಡೆಯುತ್ತಿತ್ತು ಎಂಬುದನ್ನು ಮಾತ್ರ. ಈ ಒಂದು ಚಿತ್ರದಲ್ಲಿ ನಡೆದದ್ದೇನು ಎಂಬುದನ್ನು ಚಿತ್ರವನ್ನೇ ಕೇಳಬೇಕು.

ಹೊಸ ಗುರುತು

ಕೇಂಬ್ರಿಜ್ಜಿನ ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರು ಮೈಸೂರು ಇತಿಹಾಸವನ್ನು ಅಭ್ಯಾಸಮಾಡಿದವರು. ೨೦೦೧ರಲ್ಲಿ 'ಮಾಡರ್ನ್ ಏಷ್ಯನ್ ಸ್ಟಡೀಸ್' ಪತ್ರಿಕೆಯಲ್ಲಿ ಅವರು ಈ ಚಿತ್ರವನ್ನು ಕುರಿತು ಬರೆದರು. ಖಾಸಗಿ ಸಂಗ್ರಹದಲ್ಲಿದ್ದ ಚಿತ್ರ ೨೦೦೭ರಲ್ಲಿ ಸಾದಬೀಸ್ ಹರಾಜಿಗೆ ಬಂದಿತು. ೨೦೨೦ರಲ್ಲಿ, ಕೊರೋನಾ ಪಿಡುಗಿನ ಕಾಲದಲ್ಲಿ, ಲಸಿಕೆಯ ಮಾತು ಎಲ್ಲೆಡೆ ಎದ್ದಾಗ ಅದು ಮತ್ತೊಮ್ಮೆ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು.

ಅವರ ನಿರ್ಣಯ ಸಂಕ್ಷೇಪವಾಗಿ ಹೀಗಿದೆ. ಚಿತ್ರದ ಬಲಬದಿಯಲ್ಲಿರುವವಳು ೧೮೦೫ರಲ್ಲಿ ಅರಮನೆ ಸೇರಿದ ಕಿರಿಯ ದೇವಾಜಮ್ಮಣ್ಣಿ. ಎಡಬದಿಯವಳು ಅರಸನ ಮೊದಲ ಪತ್ನಿ. ಅವಳ ಹೆಸರೂ ದೇವಾಜಮ್ಮಣ್ಣಿಯೇ. ನಡುವೆ ನಿಂತವರು ಹಿರಿಯ ರಾಣಿ ಲಕ್ಷ್ಮಮ್ಮಣ್ಣಿ. ಚಿತ್ರದ ಉದ್ದೇಶ ಸಿಡುಬಿನ ದಾಕನ್ನು ಜನ ಒಪ್ಪುವಂತೆ ಮಾಡುವುದು.

ಈ ನಿರ್ಣಯಕ್ಕೆ ಅವರು ಕೊಡುವ ಆಧಾರಗಳು ಹಲವು. ತೋಳಿನ ಭಾರವಾದ ಚಿನ್ನದ ಕಡಗಗಳೂ ತಲೆಯ ಮೇಲಿನ ವೈಭವದ ಆಭರಣಗಳೂ ಒಡೆಯರ ಅರಸಿಯರ ರೀತಿಯವು. ಚಿತ್ರಕಾರನು ಮೊದಲೇ ಒಡೆಯರ ಮನೆತನದವರನ್ನೂ ಆಸ್ಥಾನದವರನ್ನೂ ಚಿತ್ರಿಸಿದ್ದವನು. ಚಿತ್ರದ ಕಾಲ ಅರಸನ ವಿವಾಹದ ಕಾಲಕ್ಕೆ ಹೊಂದುತ್ತದೆ. ೧೮೦೬ರ ಜುಲೈ ತಿಂಗಳ ದಫ್ತರದ ದಾಖಲೆಯೊಂದರಲ್ಲಿ, ದೇವಾಜಮ್ಮಣ್ಣಿಗೆ ದಾಕು ಹಾಕಿಸಿದ್ದರಿಂದ ಜನರ ಮೇಲೆ ಒಳ್ಳೆಯ ಪರಿಣಾಮವಾಗಿ, ಅವರೂ ಮುಂದೆ ಬಂದರೆಂಬ ಮಾತಿದೆ. ಕೊನೆಯದಾಗಿ ಮೈಮೇಲಿನ ಗುರುತುಗಳು. ಬಲಗಡೆಯ ಅರಸಿಯ ಸೀರೆ ಸಾಮಾನ್ಯವಾಗಿ ಎಡತೋಳನ್ನು ಮುಚ್ಚಬೇಕಾದದ್ದು, ಇಲ್ಲಿ ಸರಿದಿದೆ. ಮರ್ಯಾದೆಗೆ ಕುಂದು ಬಾರದಂತೆ ದಾಕಿನ ಜಾಗವನ್ನು ತೋರಿಸುವುದು ಅದರ ಉದ್ದೇಶ. ಎಡಗಡೆಯ ಅರಸಿಯ ಮೂಗಿನ ಕೆಳಗೂ ಬಾಯಿಯ ಸುತ್ತಲೂ ಚರ್ಮದ ಬಣ್ಣ ಬೇರೆಯಾಗಿದೆ. ಹಳೆಯ ಪದ್ಧತಿಯಲ್ಲಿ, ಸಿಡುಬಿನ ಹೊಕ್ಕುಳೆಯ ಪುಡಿಯನ್ನು ಮೂಗಿನೊಳಕ್ಕೆ ಊದಿ ಬೇನೆಯನ್ನು ಹಗುರವಾಗಿ ಬರಿಸಿದ ಗುರುತು ಅದು. ಎಂದರೆ ಹಳೆಯ ಪದ್ಧತಿ ಒಂದು ಕಡೆ, ಹೊಸ ಪದ್ಧತಿ ಇನ್ನೊಂದು ಕಡೆ, ನಡುವೆ ಎರಡನ್ನೂ ಕಂಡ ಹಿರಿಯ ರಾಣಿಯ ಸಮ್ಮತಿ. ಇದು ಅವರು ಚಿತ್ರವನ್ನು ಓದಿದ ಬಗೆ.

ದಾಕಿನ ಕಥೆ

ಒಂದು ತೋಳನ್ನು ತೋರಿಸಲು ಇಷ್ಟು ದೊಡ್ಡ ಚಿತ್ರವನ್ನು ಬರೆಸುವ ಅಗತ್ಯವೇನಿತ್ತು ಎಂದು ಓದುಗರು ಕೇಳಬಹುದು. ಅದಕ್ಕೆ ಆ ಕಾಲದ ದಾಕಿನ ಸ್ಥಿತಿ ತಿಳಿಯಬೇಕು.

ಎಡ್ವರ್ಡ್ ಜೆನ್ನರ್ ಎಂಬ ಇಂಗ್ಲಿಷ್ ವೈದ್ಯನು ೧೭೯೬ರ ಮೇ ೧೪ರಂದು ಎಂಟು ವರ್ಷದ ಹುಡುಗನೊಬ್ಬನ ತೋಳಿಗೆ, ಹಾಲು ಕರೆಯುವ ಹೆಂಗಸೊಬ್ಬಳ ಕೈಮೇಲಿದ್ದ ಗೋಸಿಡುಬಿನ ಹೊಕ್ಕುಳೆಯ ರಸವನ್ನು ಸೇರಿಸಿದನು. ಹುಡುಗನಿಗೆ ಆಮೇಲೆ ಸಿಡುಬು ತಗುಲಲಿಲ್ಲ. ಜೆನ್ನರನ ಪುಸ್ತಕ ೧೭೯೮ರಲ್ಲಿ ಅಚ್ಚಾಯಿತು. ಆಗ ದಾಕಿನ ರಸವನ್ನು ಕೆಡದಂತೆ ಇಡುವ ತಂಪುಪೆಟ್ಟಿಗೆಗಳು ಇರಲಿಲ್ಲ. ಉಷ್ಣದೇಶಗಳಿಗೆ ಅದನ್ನು ಸಾಗಿಸಲು ನಂಬಬಹುದಾದ ದಾರಿ ಮನುಷ್ಯರ ತೋಳೇ ಆಗಿತ್ತು. ಒಬ್ಬರಿಗೆ ದಾಕು ಹಾಕಿ, ಸುಮಾರು ಎಂಟು ದಿನಕ್ಕೆ ಹೊಕ್ಕುಳೆ ತುಂಬಿದಾಗ ಅದರ ರಸವನ್ನು ತೆಗೆದು ಇನ್ನೊಬ್ಬರಿಗೆ ಹಾಕಬೇಕು, ಅವರಿಂದ ಮತ್ತೊಬ್ಬರಿಗೆ. ಹೀಗೆ ಬಾಗ್ದಾದಿನಿಂದ ಬಸ್ರಾಕ್ಕೆ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಬಂದ ದಾಕನ್ನು ೧೮೦೨ರ ಜೂನ್ ೧೪ರಂದು ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಹಾಕಿದರು. ಇಂಡಿಯಾದಲ್ಲಿ ಮೊದಲು ದಾಕು ಹಿಡಿದದ್ದು ಆ ಮಗುವಿಗೆ. ಅದರ ತೋಳಿನಿಂದಲೇ ದಾಕು ದೇಶದ ಇತರ ಕಡೆಗಳಿಗೆ ಹರಡಿತು.

ಈ ಸರಪಣಿಯಲ್ಲಿ ಒಂದು ಕೊಂಡಿ ಕಳಚಿದರೆ ಕೆಲಸವೆಲ್ಲ ನಿಂತುಹೋಗುತ್ತಿತ್ತು. ಇಂದು ದಾಕು ಹಾಕಿಸಿಕೊಂಡವರು ಎಂಟನೆಯ ದಿನ ಬಂದು ತೋಳು ಒಡ್ಡಬೇಕು. ಅವರ ಮೈಯ ರಸ ಬೇರೊಬ್ಬರ ಮೈಗೆ ಹೋಗಬೇಕು. ಜಾತಿ ಮೈಲಿಗೆಗಳ ಕಟ್ಟಿನಲ್ಲಿದ್ದ ಸಮಾಜಕ್ಕೆ ಇದು ಎಂಥ ಗಂಡಾಂತರವಾಗಿ ಕಂಡಿತೆಂದು ಊಹಿಸಬಹುದು. ಸಿಡುಬನ್ನು ಅಮ್ಮನೆಂದು ಕರೆದು, ಬೇವಿನ ಸೊಪ್ಪಿನಿಂದ ಉಪಚರಿಸಿ, ಮಾರಮ್ಮನಿಗೆ ಹರಕೆ ಹೊತ್ತು ನಡೆದುಕೊಳ್ಳುತ್ತಿದ್ದ ಜನಕ್ಕೆ, ಆ ದೇವಿಯನ್ನು ಕತ್ತಿಯ ಮೊನೆಯಿಂದ ತಡೆಯುವುದೆಂದರೆ ಭಯವೂ ಆಯಿತು. ಹಳೆಯ ಪದ್ಧತಿಯಲ್ಲಿ ಸಿಡುಬನ್ನು ಹಗುರವಾಗಿ ಬರಿಸುತ್ತಿದ್ದವರಿಗೆ ಇದು ವೃತ್ತಿಯ ನಷ್ಟ. ಇಷ್ಟರ ಮೇಲೆ ದಾಕನ್ನು ತಂದವರು ಪರದೇಶದವರು, ಆಗತಾನೆ ಯುದ್ಧ ಗೆದ್ದವರು.

ಇಂಥ ಹೊತ್ತಿನಲ್ಲಿ ಅರಮನೆಯ ಹೊಸ ಸೊಸೆ ತೋಳು ಒಡ್ಡಿದಳೆಂದರೆ ಅದು ಸಣ್ಣ ಸಂಗತಿಯಲ್ಲ. ರಾಣಿಯ ಮೈಗೆ ಮೈಲಿಗೆಯಾಗಲಿಲ್ಲ, ರಾಣಿಯ ಪ್ರಾಣಕ್ಕೆ ಅಪಾಯವಾಗಲಿಲ್ಲ ಎಂಬ ಸುದ್ದಿ ಹಬ್ಬಿದಷ್ಟೂ ಪ್ರಜೆಗಳ ಹಿಂಜರಿತ ಕಡಮೆಯಾದೀತು. ಅರಮನೆಯ ಹೆಂಗಸರು ಪರದೇಶದ ಚಿತ್ರಕಾರನೆದುರಿಗೆ ನಿಲ್ಲಬೇಕಾದರೆ, ಲೋಕಾಪವಾದವನ್ನು ಮೀರಿದ ಕಾರಣವೊಂದು ಇದ್ದಿರಲೇಬೇಕೆಂಬ ಚಾನ್ಸಲರ್ ಅವರ ವಾದದ ಜೀವಾಳ ಇದೇ.

ಪ್ರಮಾಣಗಳ ತೂಕ

ವಾದ ಅಂದವಾಗಿದೆ. ಅಂದವಾಗಿರುವುದರಿಂದಲೇ ನಾವು ಇನ್ನಷ್ಟು ಎಚ್ಚರದಿಂದ ಇರಬೇಕು. ಚಿತ್ರದೊಳಗಿನ ಮೂವರಿಗೂ ಒಂದೇ ಉಸಿರಿನಲ್ಲಿ ಹೆಸರು ಕೊಟ್ಟರೂ, ಮೂರು ಹೆಸರುಗಳ ಹಿಂದಿರುವ ಆಧಾರ ಒಂದೇ ತೂಕದ್ದಲ್ಲ.

ಬಲಗಡೆಯ ದೇವಾಜಮ್ಮಣ್ಣಿಯ ಗುರುತು ಮೂರರಲ್ಲಿ ಹೆಚ್ಚು ಗಟ್ಟಿಯಾದದ್ದು. ಇಲ್ಲಿ ಚಿತ್ರದ ಹೊರಗಿನ ದಾಖಲೆ ಇದೆ; ಅರಸಿಯ ಹೆಸರೂ ದಾಕಿನ ಸಂಗತಿಯೂ ಕಾಲವೂ ಅದರಲ್ಲಿ ಒಂದೆಡೆ ಕೂಡಿಬಂದಿವೆ. ಚಿತ್ರದ ಒಳಗಿನ ತೋಳು ಅದಕ್ಕೆ ಹೊಂದುತ್ತದೆ. ಹೊರಸಾಕ್ಷ್ಯ ಒಳಸಾಕ್ಷ್ಯಗಳು ಹೀಗೆ ಒಂದನ್ನೊಂದು ಎತ್ತಿಹಿಡಿದಾಗ ಮಾತ್ರ ಗುರುತು ನಿಲ್ಲುತ್ತದೆ. ಆದರೂ ಒಂದು ಮಾತು. ಹಳೆಯ ಪದ್ಧತಿಯಲ್ಲಿಯೂ ತೋಳನ್ನೇ ಆರಿಸಿಕೊಳ್ಳುವ ರೂಢಿಯಿತ್ತು. ಬಂಗಾಳದ ಪದ್ಧತಿಯನ್ನು ೧೭೬೭ರಲ್ಲಿ ವರ್ಣಿಸಿದ ಹಾಲ್ವೆಲ್, ಗಂಡಸರಿಗಾದರೆ ಮಣಿಕಟ್ಟು ಮೊಣಕೈಗಳ ನಡುವೆ, ಹೆಂಗಸರಿಗಾದರೆ ಮೊಣಕೈ ಭುಜಗಳ ನಡುವೆ ಗೀರುತ್ತಿದ್ದರೆಂದು ಬರೆದಿದ್ದಾನೆ. ಆದ್ದರಿಂದ ತೋಳೊಂದನ್ನೇ ನೋಡಿ ಇದು ಜೆನ್ನರನ ದಾಕೇ ಎಂದು ಹೇಳಲಾಗದು. ಹಾಗೆ ಹೇಳುವ ಅಧಿಕಾರವನ್ನು ನಮಗೆ ಕೊಡುವುದು ೧೮೦೬ರ ಬರಹ.

ಎಡಗಡೆಯವಳ ಗುರುತು ಇದಕ್ಕಿಂತ ಹಗುರ. ಬಾಯಿಯ ಸುತ್ತಲಿನ ಬಣ್ಣಭೇದ ಚರ್ಮದ್ದೂ ಆಗಿರಬಹುದು, ಇನ್ನೂರು ವರ್ಷದ ಬಣ್ಣ ಮೆರುಗುಗಳ ಮಾರ್ಪಾಟೂ ಆಗಿರಬಹುದು. ತೈಲಚಿತ್ರಗಳ ಮೇಲಿನ ಮೆರುಗು ಕಾಲಕ್ರಮದಲ್ಲಿ ಹಳದಿಗಟ್ಟುವುದೂ, ತಿದ್ದಿದ ಜಾಗಗಳು ಬೇರೆಯಾಗಿ ಕಾಣುವುದೂ ಉಂಟು. ಅಲ್ಲದೆ ಸಿಡುಬಿನ ಪುಡಿಯನ್ನು ಮೂಗಿಗೆ ಊದುವ ಪದ್ಧತಿ ಹೆಸರಾದದ್ದು ಚೀನದಲ್ಲಿ; ಈ ದೇಶದ ಪದ್ಧತಿಯನ್ನು ವರ್ಣಿಸಿದ ಹಾಲ್ವೆಲ್ ಹೇಳುವುದು ಚರ್ಮವನ್ನು ಗೀರುವುದನ್ನು. ಮೈಸೂರಿನಲ್ಲಿ ಮೂಗಿನ ದಾರಿಯನ್ನು ಬಳಸುತ್ತಿದ್ದರೆಂದು ಬೇರೆ ಸಾಕ್ಷ್ಯ ಬೆಂಬಲಿಸಿದಾಗ ಈ ಕೊಂಡಿ ಬಿಗಿಯಾಗುತ್ತದೆ.

ನಡುವಿನವರ ಗುರುತು ಎಲ್ಲಕ್ಕಿಂತ ಸೂಕ್ಷ್ಮ. ಲಕ್ಷ್ಮಮ್ಮಣ್ಣಿಯವರಿಗೆ ದಾಕಿನ ವಿಚಾರದಲ್ಲಿ ಆಸಕ್ತಿಯಿರಲು ಕಾರಣವುಂಟು. ಅವರ ಪತಿಯನ್ನು ಕೊಂಡೊಯ್ದದ್ದೂ ಸಿಡುಬೇ ಎನ್ನುತ್ತಾರೆ ಚಾನ್ಸಲರ್. ಅವರ ಅಪ್ಪಣೆಯಿಲ್ಲದೆ ಅಂತಃಪುರದ ಹೆಂಗಸರು ಚಿತ್ರಕ್ಕೆ ನಿಲ್ಲುವುದೂ ಸಾಧ್ಯವಿರಲಿಲ್ಲ. ಆದರೆ ಕಾರಣವಿತ್ತೆಂಬುದು ಒಂದು, ಚಿತ್ರದಲ್ಲಿರುವವರು ಅವರೇ ಎಂಬುದು ಇನ್ನೊಂದು. ೧೮೦೫ಕ್ಕೆ ಅವರು ಪತಿಯನ್ನು ಕಳೆದುಕೊಂಡು ಮೂವತ್ತೊಂಬತ್ತು ವರ್ಷವಾಗಿತ್ತು. ನಡುವಿನ ಮುಖ ಅಷ್ಟು ವಯಸ್ಸನ್ನು ಹೇಳುತ್ತದೆಯೇ, ಅಷ್ಟು ಕಾಲ ವೈಧವ್ಯದಲ್ಲಿದ್ದವರ ವೇಷ ಅದೇ ಎಂದು ಚಿತ್ರವನ್ನು ನೋಡುವವರು ತಾವೇ ಕೇಳಿಕೊಳ್ಳಬೇಕು.

ಉದ್ದೇಶದ ವಿಚಾರದಲ್ಲಿಯೂ ಒಂದು ಪ್ರಶ್ನೆ ಉಳಿಯುತ್ತದೆ. ತೈಲಚಿತ್ರವೆಂಬುದು ಒಂದೇ ಪ್ರತಿ. ಅಚ್ಚಿನ ಕರಪತ್ರದಂತೆ ಊರೂರಿಗೆ ಹಂಚುವಂಥದಲ್ಲ. ಅದನ್ನು ಕಾಣುವವರು ಅರಮನೆಯ, ರೆಸಿಡೆನ್ಸಿಯ ಕೆಲವು ಜನ ಮಾತ್ರ. ರೈತನ ಹಟ್ಟಿಗೆ ತಲಪಿದ್ದು ಚಿತ್ರಕ್ಕಿಂತ ಹೆಚ್ಚಾಗಿ ಸುದ್ದಿಯೇ ಇರಬೇಕು. ಹಾಗಾದರೂ ಆ ಕೆಲವು ಜನರ ಮನಸ್ಸು ಒಲಿದರೆ ಊರಿನ ಮನಸ್ಸು ಅರ್ಧ ಒಲಿದಂತೆ ಎಂಬುದು ಅಂದಿನ ಆಡಳಿತದವರಿಗೆ ತಿಳಿದಿತ್ತು.

ಇಷ್ಟೆಲ್ಲ ತೂಗಿದ ಮೇಲೆ ನಮ್ಮ ಅಭಿಪ್ರಾಯ ಇದು. ಇವರು ಮೈಸೂರು ಅರಮನೆಯ ಹೆಂಗಸರೆಂಬುದನ್ನು ಒಪ್ಪಬಹುದು. ಬಲಗಡೆಯವಳು ದೇವಾಜಮ್ಮಣ್ಣಿಯೆಂಬುದು ಬಹಳ ಸಂಭಾವ್ಯ. ಉಳಿದ ಎರಡು ಹೆಸರುಗಳ ಮುಂದೆ 'ಬಹುಶಃ' ಎಂಬ ಮಾತನ್ನು ಉಳಿಸಿಕೊಳ್ಳುವುದು ಲೇಸು. ತಪ್ಪಾಗಿ ನರ್ತಕಿಯರೆಂದು ಕರೆಸಿಕೊಂಡವರಿಗೆ ನಾವು ಮಾಡಬೇಕಾದ ನ್ಯಾಯವೆಂದರೆ ಅವಸರದಿಂದ ಬೇರೊಂದು ಹೆಸರನ್ನು ಅಂಟಿಸುವುದಲ್ಲ. ಗೊತ್ತಿರುವಷ್ಟನ್ನು ಗೊತ್ತಿರುವ ಮಟ್ಟದಲ್ಲಿಯೇ ಹೇಳಬೇಕು.

ಕಲ್ಲಿನಲ್ಲಿ ಬರೆದ ಹೆಸರು

ಇಲ್ಲಿ ಇನ್ನೊಂದು ಸಂಗತಿಯನ್ನು ಹೋಲಿಸಿ ನೋಡುವುದು ಉಚಿತ. ಚಾಮುಂಡಿಬೆಟ್ಟದ ದೇವಾಲಯದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರೂ ಅವರ ಮೂವರು ಅರಸಿಯರೂ ಕೈಮುಗಿದು ನಿಂತ ಭಕ್ತವಿಗ್ರಹಗಳಿವೆ. ಅರಸಿಯರು ರಾಮವಿಲಾಸ, ಲಕ್ಷ್ಮೀವಿಲಾಸ, ಕೃಷ್ಣವಿಲಾಸ ಸನ್ನಿಧಾನಗಳವರೆಂದು ಪೀಠಗಳ ಮೇಲೆ ಕೆತ್ತಿದೆ. ಒಂದೇ ಹೆಸರಿನ ಇಬ್ಬರು ಮೂವರು ಇರುತ್ತಿದ್ದ ಅರಮನೆಯಲ್ಲಿ ಈ ಸನ್ನಿಧಾನದ ಹೆಸರುಗಳೇ ಗೊಂದಲ ತಪ್ಪಿಸುತ್ತಿದ್ದುದು. ನಮ್ಮ ಚಿತ್ರದಲ್ಲಿಯೂ ಇಬ್ಬರು ದೇವಾಜಮ್ಮಣ್ಣಿಯರು ಎಂಬುದನ್ನು ನೆನೆದರೆ ಈ ರೂಢಿಯ ಬೆಲೆ ತಿಳಿಯುತ್ತದೆ.

ವಿಗ್ರಹದ ಮುಖ ಆದರ್ಶದ್ದು. ಶಿಲ್ಪಿ ಅಲ್ಲಿ ಅರಸಿಯ ಮುಖದ ವಿಶೇಷಗಳನ್ನು ಹಿಡಿಯಲು ಹೊರಟವನಲ್ಲ. ತೈಲಚಿತ್ರದ ಮುಖ ನಿಜವಾದ ವ್ಯಕ್ತಿಯದು. ಅದರ ನಗೆ, ಕಣ್ಣು, ಚರ್ಮ ಎಲ್ಲವೂ ಒಬ್ಬೊಬ್ಬರದೇ. ಕಲ್ಲಿನಲ್ಲಿ ಹೆಸರಿದೆ, ಮುಖವಿಲ್ಲ. ಬಟ್ಟೆಯ ಮೇಲೆ ಮುಖವಿದೆ, ಹೆಸರಿಲ್ಲ. ನಮ್ಮ ದೇವಾಲಯದ ರೂವಾರಿಗೆ ಪೀಠದ ಮೇಲೆ ಒಂದು ಸಾಲು ಕೆತ್ತಬೇಕೆಂದು ತೋರಿತು. ದೂರದಿಂದ ಬಂದ ಚಿತ್ರಕಾರನ ಚಿತ್ರ ಆ ಒಂದು ಸಾಲಿಲ್ಲದೆ ಸಮುದ್ರ ದಾಟಿತು. ಆ ಒಂದು ಸಾಲಿನ ಕೊರತೆಯಿಂದ ಅರಸಿಯರು ಎರಡು ಶತಮಾನ ನರ್ತಕಿಯರಾಗಿ ಉಳಿದರು.

ಅಧ್ಯಾಪಕ ಬಂಧುಗಳಲ್ಲಿ ಒಂದು ವಿಜ್ಞಾಪನೆ

ಇಂಡಿಯಾದಲ್ಲಿ ಸಿಡುಬಿನ ಕೊನೆಯ ದೇಶೀಯ ಪ್ರಕರಣ ೧೯೭೫ರಲ್ಲಿ ಆಯಿತು. ೧೯೮೦ರ ಮೇ ೮ರಂದು ಲೋಕವೇ ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಭೆ ಸಾರಿತು. ದೇವಾಜಮ್ಮಣ್ಣಿಯ ತೋಳಿನ ಗುರುತೂ ನಮ್ಮ ಹಿರಿಯರ ತೋಳಿನ ಮೇಲಿರುವ ದಾಕಿನ ಕಲೆಯೂ ಒಂದೇ ಕಥೆಯ ಆದಿ ಅಂತ್ಯಗಳು. ನಮ್ಮ ಶಾಲೆಯ ಮಕ್ಕಳು ಆ ಕಲೆಯನ್ನು ಕಂಡಿದ್ದಾರೆ. ಅದರ ಅರ್ಥವನ್ನು ಅರಿಯರು.

ಗಡಿನಾಡಿನ ನಮಗೆ ಇದರಲ್ಲಿ ಒಂದು ವಿಶೇಷ ಅನುಕೂಲವೂ ಇದೆ. ಮೈಸೂರು ಸೀಮೆಯವರು 'ದಾಕು ಹಾಕಿಸುವುದು' ಎಂದರೆ, ಸೊಲ್ಲಾಪುರ ಅಕ್ಕಲಕೋಟೆಗಳ ಕಡೆಯವರು 'ದೇವಿ ಹಾಕಿಸುವುದು' ಎನ್ನುತ್ತಾರೆ. ಮರಾಠಿಯಲ್ಲಿ ಸಿಡುಬಿಗೇ ದೇವಿಯೆಂದು ಹೆಸರು. ಹೊಸೂರು ತಾಳವಾಡಿಗಳ ನೆರೆಯ ತಮಿಳರು 'ಅಮ್ಮೈ ಕುತ್ತುವುದು' ಎನ್ನುತ್ತಾರೆ. ಕಾಸರಗೋಡಿನ ನೆರೆಯಲ್ಲಿ ಮಲೆಯಾಳದ 'ವಸೂರಿ', ಮಡಕಶಿರದ ನೆರೆಯಲ್ಲಿ ತೆಲುಗಿನ 'ಮಶೂಚಿ'. ಒಂದು ಬೇನೆಯನ್ನು ನಾಲ್ಕು ಭಾಷೆಗಳ ಜನ ಹೇಗೆ ಕಂಡರು, ಹೇಗೆ ಹೆದರಿದರು, ಹೇಗೆ ಒಪ್ಪಿಕೊಂಡರು ಎಂಬುದನ್ನು ಒಂದೇ ಊರಿನಲ್ಲಿ ಕುಳಿತು ಕೇಳಬಲ್ಲವರು ನಾವು. ಮುದುಕ ಮುದುಕಿಯರು ಇರುವಾಗಲೇ ಮಕ್ಕಳಿಂದ ಈ ಮಾತುಗಳನ್ನು ಬರೆಸಿಕೊಳ್ಳಬೇಕು.

ಇದರ ಜೊತೆಗೆ ಇನ್ನೊಂದು ಸಣ್ಣ ಕೆಲಸ. ನಮ್ಮ ಕಡೆಯ ಹಳೆಯ ವಾಡೆಗಳಲ್ಲಿ, ದೇಸಗತಿಯ ಮನೆಗಳಲ್ಲಿ, ಮಠಗಳಲ್ಲಿ, ಶಾಲೆಯ ಕಚೇರಿಗಳಲ್ಲಿ ಧೂಳು ಹಿಡಿದ ಭಾವಚಿತ್ರಗಳೂ ಛಾಯಾಚಿತ್ರಗಳೂ ತೂಗುತ್ತಿವೆ. ಯಜಮಾನರ ಹೆಸರು ಮನೆಯವರಿಗೆ ನೆನಪಿರುತ್ತದೆ. ಪಕ್ಕದಲ್ಲಿ ಕುಳಿತ ಹೆಂಗಸಿನ ಹೆಸರು ಕೇಳಿದರೆ 'ಯಾರೋ ಹಿರಿಯರು' ಎಂಬ ಉತ್ತರ ಬರುತ್ತದೆ. ಮನೆಯವರ ಒಪ್ಪಿಗೆ ಪಡೆದು, ಚಿತ್ರಕ್ಕೆ ಕೈತಾಗಿಸದೆ, ಚೌಕಟ್ಟಿನ ಹಿಂಬದಿಗೆ ಕಟ್ಟಿದ ಚೀಟಿಯಲ್ಲಿ ನಾಲ್ಕು ಸಂಗತಿ ಬರೆಯಬೇಕು: ಇವರು ಯಾರು, ಯಾರ ಮಗಳು, ಯಾವ ಊರಿನವರು, ಇದನ್ನು ಹೇಳಿದವರು ಯಾರು. ಹೇಳಿದವರಿಗೇ ಸಂದೇಹವಿದ್ದರೆ ಆ ಸಂದೇಹವನ್ನೂ ಬರೆಯಬೇಕು. ಚೀಟಿಯ ಒಂದು ಪ್ರತಿಯನ್ನು ಶಾಲೆಯ ದಫ್ತರದಲ್ಲಿ ಇಟ್ಟರೆ, ಗೋಡೆಯಿಂದ ಚಿತ್ರ ಇಳಿದುಹೋದ ಮೇಲೂ ಹೆಸರು ಉಳಿದೀತು.

ಇದಕ್ಕೆ ಹಣ ಬೇಡ, ದೊಡ್ಡ ಗ್ರಂಥಭಂಡಾರ ಬೇಡ. ರಜೆಯ ಒಂದು ಮಧ್ಯಾಹ್ನ ಸಾಕು. ನಮ್ಮ ಸಂಘದ ಪ್ರತಿಯೊಬ್ಬ ಸದಸ್ಯರೂ ವರ್ಷಕ್ಕೆ ಒಂದು ಚಿತ್ರಕ್ಕೆ ಹೀಗೆ ಹೆಸರು ಬರೆದಿಟ್ಟರೆ, ಮುಂದಿನವರು ಕಡಗವನ್ನೂ ಕಲೆಯನ್ನೂ ನೋಡಿ ನಮ್ಮ ಅಜ್ಜಿಯರ ಗುರುತು ಹಿಡಿಯಬೇಕಾದ ಕಷ್ಟ ತಪ್ಪುತ್ತದೆ.